ಕಿಲ್ಲಾರಿ ಭೂಕಂಪದ ನಂತರ ವ್ಯಾಪಾರ ಕಲಿತ ಹೆಂಗಸರು

ತುಳುವಿನಲ್ಲಿ ಬ್ಯಾರ ಎಂದರೆ ವ್ಯಾಪಾರ. ನಮ್ಮ ಸಮುದಾಯದ ಹೆಸರು ಬಂದದ್ದೇ ಆ ಪದದಿಂದ ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೂ ವ್ಯಾಪಾರಿ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗಲ್ಲಾ ಪೆಟ್ಟಿಗೆಯ ಮುಂದೆ ಕೂತ ಗಂಡಸು. ಬಡ ಮನೆಯ ಹೆಂಗಸಿಗೆ ವ್ಯಾಪಾರ ಕಲಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಬೀದರ್ ಗಡಿಯಾಚೆ ಮೂವತ್ತು ವರ್ಷದ ಚರಿತ್ರೆಯೇ ಉತ್ತರ ಕೊಡುತ್ತದೆ.

ಆ ಗಡಿ ಅಷ್ಟೇನೂ ಹಳೆಯದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉದಗೀರ್ ಮತ್ತು ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳಾದಾಗ ಅವು ಮುಂಬೈ ರಾಜ್ಯಕ್ಕೆ ಸೇರಿದವು, 1982ರಲ್ಲಿ ಹೊಸ ಲಾತೂರ್ ಜಿಲ್ಲೆಗೆ ಬಂದವು. ಉಮರ್ಗಾ ಇರುವುದು ಪಕ್ಕದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ್ ಜಿಲ್ಲೆಯಲ್ಲಿ, ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲೆ. ಈ ಸೀಮೆಯಲ್ಲಿ ಮರಾಠಿ, ದಖ್ಖನಿ, ಕನ್ನಡ ಮೂರೂ ಕೇಳಿಸುತ್ತವೆ.

1993ರ ಸೆಪ್ಟೆಂಬರ್ 30ರಂದು, ಗಣೇಶ ವಿಸರ್ಜನೆ ಮುಗಿದು ಜನ ಮಲಗಿದ್ದ ರಾತ್ರಿ, ಬೆಳಗಿನ ಜಾವ 3.56ಕ್ಕೆ ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಸುಮಾರು 10 ಸಾವಿರ ಜನ ಸತ್ತರು. ಕಂಪನದ ಪ್ರಮಾಣ 6.2 ಮಾತ್ರ. ಅಷ್ಟು ಜನರನ್ನು ಕೊಂದದ್ದು ಮನೆಗಳ ಕಟ್ಟೋಣ. ಕೆಸರಿನಲ್ಲಿ ಜೋಡಿಸಿದ ಕಾಡುಗಲ್ಲಿನ ದಪ್ಪ ಗೋಡೆ, ಅದರ ಮೇಲೆ ಸೆಖೆ ತಡೆಯಲು ಹೇರಿದ ಮಣ್ಣಿನ ಮಾಳಿಗೆ. ಗೋಡೆ ಬಿರಿದಾಗ ಆ ಭಾರವೆಲ್ಲ ಮಲಗಿದವರ ಮೇಲೆಯೇ ಬಿತ್ತು.

ವಿಶ್ವ ಬ್ಯಾಂಕಿನ ಸಾಲದಿಂದ ಸರ್ಕಾರ ಮನೆ ಕಟ್ಟಿಸಲು ಹೊರಟಿತು. ಪೂರ್ತಿ ನೆಲಸಮವಾದ ಊರುಗಳಿಗೆ ಬೇರೆ ಜಾಗದಲ್ಲಿ ಹೊಸ ಊರು ಬಂತು. ಬಿರುಕು ಬಿಟ್ಟ ಮನೆಗಳಿಗೆ ದುರಸ್ತಿಯ ಹಣವನ್ನು ಕಂತುಗಳಲ್ಲಿ ಮನೆಯವರ ಕೈಗೇ ಕೊಡುವ ವ್ಯವಸ್ಥೆಯಾಯಿತು. ಸಾಮಾನು ತರುವುದು, ಮೇಸ್ತ್ರಿ ಹಿಡಿಯುವುದು ಮನೆಯವರ ಜವಾಬ್ದಾರಿ. ಈ ಕೆಲಸಕ್ಕೆ ಊರೂರಿನಲ್ಲಿ ಹೆಂಗಸರನ್ನೇ ಸಂವಾದ ಸಹಾಯಕಿಯರಾಗಿ ನಿಲ್ಲಿಸಿದ್ದು ಪ್ರೇಮಾ ಗೋಪಾಲನ್ ಅವರ ತಂಡ. ಅದು ಮುಂದೆ 1998ರಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸ್ವತಂತ್ರ ಸಂಸ್ಥೆಯಾಯಿತು.

ಇಲ್ಲಿಂದಲೇ ವ್ಯಾಪಾರದ ಪಾಠ ಶುರುವಾಯಿತು ಎಂದು ನನಗೆ ಅನಿಸುತ್ತದೆ. ಒಂದು ಚೀಲ ಸಿಮೆಂಟಿಗೆ ಎಷ್ಟು ಮರಳು, ಈ ಕಂತು ಮುಗಿಯುವ ಮೊದಲು ಯಾವ ಕೆಲಸ ಆಗಬೇಕು, ಮೇಸ್ತ್ರಿಯ ಕೆಲಸ ಸರಿ ಇದೆಯೇ. ದರ, ಗುಣಮಟ್ಟ, ಹಣದ ಓಡಾಟ, ಆಳಿನ ಮೇಲ್ವಿಚಾರಣೆ, ಇವು ನಾಲ್ಕು ಗೊತ್ತಾದರೆ ಅಂಗಡಿ ನಡೆಸಲು ಇನ್ನೇನು ಬೇಕು? ಇದೇ ಹೆಂಗಸರು 2001ರ ಭೂಕಂಪದ ನಂತರ ಗುಜರಾತಿಗೆ ಹೋಗಿ ಅಲ್ಲಿಯ ಹೆಂಗಸರಿಗೆ ತಮ್ಮ ಅನುಭವ ಹೇಳಿಕೊಟ್ಟರು.

ಮನೆ ಎದ್ದ ಮೇಲೆ ಉಳಿತಾಯ ಗುಂಪುಗಳು ಹುಟ್ಟಿದವು, ಗುಂಪಿನ ಸಾಲದಿಂದ ಸಣ್ಣ ಸಣ್ಣ ಕಸುಬುಗಳು ಎದ್ದವು. ಇಂಥ ತರಬೇತಿಯಲ್ಲಿ ಮುಖ್ಯವಾಗಿ ಹೇಳಿಕೊಡುವುದು ಎರಡು ಮಾತು. ಮನೆ ಖರ್ಚಿನ ಹಣ ಮತ್ತು ವ್ಯಾಪಾರದ ಹಣ ಬೆರೆಯಬಾರದು. ದರ ಹಾಕುವಾಗ ನಿನ್ನ ದುಡಿಮೆಯ ಕೂಲಿಯನ್ನೂ ಸೇರಿಸು. ಅಂಗಡಿಯವನ ಮಗನಾದ ನನಗೆ ಮೊದಲನೆಯದು ಎಷ್ಟು ಕಷ್ಟ ಎಂದು ಗೊತ್ತು. ಮನೆಗೆ ಒಯ್ದ ಸಕ್ಕರೆಯನ್ನು ಲೆಕ್ಕದಲ್ಲಿ ಬರೆಯುವ ಅಂಗಡಿ ಬಹಳ ಕಡಿಮೆ. ಎರಡನೆಯದು ಹೆಂಗಸರಿಗೆ ಇನ್ನೂ ಕಷ್ಟ, ಏಕೆಂದರೆ ಅವರ ದುಡಿಮೆಗೆ ಬೆಲೆ ಕಟ್ಟುವ ಅಭ್ಯಾಸ ಮನೆಯಲ್ಲಿ ಯಾರಿಗೂ ಇಲ್ಲ.

ಅವರು ಸೋಲನ್ನೂ ಕಂಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನದಲ್ಲಿ ಬಿಪಿ ಕಂಪನಿ ‘ಊರ್ಜಾ’ ಎಂಬ ಒಲೆ ಮಾಡಿತ್ತು. ಮೆಕ್ಯಾನಿಕಲ್ ಓದಿದವರಿಗೆ ಇಷ್ಟವಾಗುವ ಒಲೆ ಅದು. ಕೆಳಗಿನ ಗಾಳಿಯಿಂದ ಉರುವಲು ಅನಿಲವಾಗುತ್ತದೆ, ಮೇಲಿನ ತೂತುಗಳ ಗಾಳಿಯಿಂದ ಆ ಅನಿಲ ಉರಿಯುತ್ತದೆ, ಒಂದು ಪುಟ್ಟ ಬ್ಯಾಟರಿ ಫ್ಯಾನ್ ಗಾಳಿ ಕೊಡುತ್ತದೆ, ಹೊಗೆ ಬಹಳ ಕಡಿಮೆ. ಮರಾಠವಾಡದ ಹೆಂಗಸರು ಮನೆಮನೆಗೆ ಹೋಗಿ ಇದನ್ನು ಮಾರಿದರು. ದೇಶದಲ್ಲಿ ಒಟ್ಟು ಸುಮಾರು 4 ಲಕ್ಷ ಒಲೆ ಹೋಯಿತು. ಆದರೆ ಅದಕ್ಕೆ ಬೇಕಾದ ಉರುವಲು ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಉಂಡೆ, ಅದು ಬರುವುದು ಕಾರ್ಖಾನೆಯಿಂದಲೇ. ಕಚ್ಚಾವಸ್ತುವಿನ ಬೆಲೆ ಏರಿತು, ಉಂಡೆಯ ಬೆಲೆಯೂ ಏರಿತು, ಮನೆಗಳಲ್ಲಿ ಒಲೆ ಮೂಲೆ ಸೇರಿತು. 2009ರಲ್ಲಿ ಬಿಪಿ ಆ ವ್ಯವಹಾರವನ್ನೇ ಬೇರೆಯವರಿಗೆ ಮಾರಿತು. ಮಾರುವವರ ಜಾಣ್ಮೆಯಲ್ಲಿ ಕೊರತೆ ಇರಲಿಲ್ಲ. ಉರುವಲಿನ ದರ ಮಾತ್ರ ಅವರ ಕೈಯಲ್ಲಿರಲಿಲ್ಲ.

ಮುಂದೆ ಬರಗಾಲ ಬಂತು. 2016ರ ಏಪ್ರಿಲ್‌ನಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದದ್ದು ಹಲವರಿಗೆ ನೆನಪಿರಬಹುದು. ಈ ಹೊತ್ತಿಗೆ ಹೆಂಗಸರು ಹಿಡಿದದ್ದು ಬೇರೆ ದಾರಿ. ಮನೆಯ ಜಮೀನಿನಲ್ಲಿ ಒಂದು ಎಕರೆ ತಮಗೆ ಬಿಟ್ಟುಕೊಡಿ ಎಂದು ಕೇಳಿ, ಅಲ್ಲಿ ಕಡಿಮೆ ನೀರಿನ ಧಾನ್ಯ, ಬೇಳೆ, ತರಕಾರಿ ಬೆಳೆದರು. ಮನೆಗೆ ಊಟ, ಮಿಕ್ಕಿದ್ದು ಸಂತೆಗೆ. ಆ ವರ್ಷವೇ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಪ್ರೇಮಾ ಗೋಪಾಲನ್ 2022ರಲ್ಲಿ ತೀರಿಕೊಂಡರು.

ಇದನ್ನು ಓದುವಾಗ ನನಗೆ ನಮ್ಮ ಉಮ್ಮಂದಿರ ನೆನಪು ಬರುತ್ತದೆ. ದಶಕಗಳ ಕಾಲ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು ಅವರು. ಕೈಯ ವೇಗದಲ್ಲಾಗಲಿ ಉಳಿತಾಯದಲ್ಲಾಗಲಿ ಯಾರಿಗೂ ಕಮ್ಮಿ ಇರಲಿಲ್ಲ. ಆದರೆ ಎಲೆ ಬ್ರಾಂಚಿನದು, ಹೊಗೆಸೊಪ್ಪು ಬ್ರಾಂಚಿನದು, ಸಾವಿರ ಬೀಡಿಗೆ ಎಷ್ಟು ಮಜೂರಿ ಎಂದು ಬರೆಯುವ ಕೈಯೂ ಬೇರೆಯವರದು. ಊರ್ಜಾ ಒಲೆಯ ಕಥೆಯೂ ಇದೇ ಅಲ್ಲವೇ?

ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಪತ್ತಿರಿ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ, ಬುರ್ಖಾ ಹೊಲಿಯುತ್ತಾರೆ, ವಾಟ್ಸಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರೆ. ಕಲಿಯಲು ಲಾತೂರಿಗೆ ಹೋಗಬೇಕಾಗಿಲ್ಲ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ, ಕಲಿತು ಹೋದವರನ್ನು ಮುಂದೆಯೂ ವಿಚಾರಿಸುತ್ತಾರೆ. ಆ ಮಾದರಿಯನ್ನೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಜಿಲ್ಲೆಗೂ ಒಯ್ದಿತು.

ಮನೆಯವರು ಮಾಡಬೇಕಾದದ್ದು ದೊಡ್ಡದೇನಲ್ಲ. ಅವಳ ವ್ಯಾಪಾರದ ಬ್ಯಾಂಕ್ ಖಾತೆ ಅವಳ ಹೆಸರಿನಲ್ಲಿರಲಿ. ಲೆಕ್ಕದ ಪುಸ್ತಕ ಅವಳೇ ಬರೆಯಲಿ. ಸಾಮಾನು ಎಲ್ಲಿಂದ, ಯಾವ ದರಕ್ಕೆ ಎಂದು ಅವಳೇ ವಿಚಾರಿಸಲಿ. ಪತ್ತಿರಿಗೆ ದರ ಹಾಕುವಾಗ ಅಕ್ಕಿ, ಗ್ಯಾಸಿನ ಜೊತೆ ಅವಳು ಒಲೆ ಮುಂದೆ ನಿಂತ ಹೊತ್ತಿನ ಕೂಲಿಯೂ ಆ ಪುಸ್ತಕದಲ್ಲಿ ಇರಲಿ.