ತಡವಾದ ಮದುವೆ, ಬೇಗ ಬಂದ ಸಿರಿ?

ನನ್ನಜ್ಜಿಗೆ ಮದುವೆಯಾದಾಗ 13 ವರ್ಷ. ಇತಿಹಾಸದ ತರಗತಿಯಲ್ಲಿ ಜಾನ್ ಹಜ್ನಲ್ ಅವರ ವಾದವನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದವಳು ಅವಳೇ.

ಹಜ್ನಲ್ 1965ರಲ್ಲಿ ಯುರೋಪಿನ ನಕ್ಷೆಯ ಮೇಲೆ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ರಿಯೆಸ್ಟ್‌ವರೆಗೆ ಒಂದು ಗೆರೆ ಎಳೆದರು. ಗೆರೆಯ ಪಶ್ಚಿಮಕ್ಕೆ ಹೆಣ್ಣುಮಕ್ಕಳ ಮದುವೆ ಇಪ್ಪತ್ತೈದರ ಆಸುಪಾಸಿನಲ್ಲಿ. ಮದುವೆಯೇ ಆಗದೆ ಉಳಿದವರೂ ಬಹಳ. ಪೂರ್ವಕ್ಕೆ ಮದುವೆ ಬೇಗ, ಹೆಚ್ಚುಕಡಿಮೆ ಎಲ್ಲರಿಗೂ. ಪಶ್ಚಿಮದ ಹುಡುಗ ಹುಡುಗಿಯರು ಹರೆಯದಲ್ಲಿ ಬೇರೆಯವರ ಮನೆಯಲ್ಲಿ ದುಡಿದು, ನಾಲ್ಕು ಕಾಸು ಕೂಡಿಟ್ಟುಕೊಂಡು, ಆಮೇಲೆ ತಮ್ಮದೇ ಮನೆ ಹೂಡುತ್ತಿದ್ದರು. ಪಶ್ಚಿಮ ಯುರೋಪಿನ ಸಿರಿಗೆ ಇದೇ ಬೀಜ ಎಂದು ಮುಂದೆ ಹಲವರು ವಾದಿಸಿದರು. ನಾನೂ ನಂಬಿದೆ. ನಮ್ಮ ಬಡತನಕ್ಕೆ ಅಜ್ಜಿಯ ಬಾಲ್ಯವಿವಾಹವೇ ಉತ್ತರ ಎಂದುಕೊಂಡೆ.

ಆದರೆ ಲೆಕ್ಕ ಅಷ್ಟು ಸಲೀಸಲ್ಲ. ಇಂಗ್ಲೆಂಡಿನಲ್ಲಿ 1700ರ ಹೊತ್ತಿಗೆ ಹೆಣ್ಣಿನ ಮದುವೆಯ ಸರಾಸರಿ ವಯಸ್ಸು ಸುಮಾರು 26. ಕೈಗಾರಿಕಾ ಕ್ರಾಂತಿ ನಡೆದ ಮುಂದಿನ ನೂರು ವರ್ಷಗಳಲ್ಲಿ ಅದು ಏರಲಿಲ್ಲ, ಎರಡು ಮೂರು ವರ್ಷ ಇಳಿಯಿತು! ಅತ್ತ ಜರ್ಮನಿಯ ವ್ಯೂರ್ಟೆಂಬರ್ಗ್‌ನಲ್ಲಿಯೂ ಮದುವೆ ತಡವೇ. ಆದರೂ ಆ ಸೀಮೆ ಬಹುಕಾಲ ಬಡವಾಗಿಯೇ ಇತ್ತು.

ಯಾಕೆ? ಷೀಲಾ ಓಗಿಲ್ವಿ ಅಲ್ಲಿನ ಹಳೆಯ ಕಡತಗಳನ್ನು ಜಾಲಾಡಿದರು. ಮದುವೆಯಾಗಲು ಊರಿನವರ ಅಪ್ಪಣೆ ಬೇಕಿತ್ತು. ಬಡವರಿಗೆ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ನೇಕಾರರ ಸಂಘಗಳು ಹೆಂಗಸರನ್ನು ಕಸುಬಿನಿಂದ ದೂರವಿಟ್ಟವು. ನೂಲುವ ಹೆಣ್ಣುಮಕ್ಕಳ ಕೂಲಿ ಇಷ್ಟಕ್ಕಿಂತ ಹೆಚ್ಚಬಾರದೆಂದು ಕಟ್ಟುಮಾಡಿದವು. ಅಲ್ಲಿ ಇಪ್ಪತ್ತೈದು ದಾಟಿದ ಕನ್ಯೆ ಸ್ವತಂತ್ರಳೇನೂ ಆಗಿರಲಿಲ್ಲ, ಕಾಯುತ್ತಿದ್ದಳು ಅಷ್ಟೆ. 2014ರಲ್ಲಿ ಓಗಿಲ್ವಿ, ಟ್ರೇಸಿ ಡೆನಿಸನ್ ಜೊತೆ ಸೇರಿ ಹಲವು ದೇಶಗಳ ಅಂಕಿಅಂಶಗಳನ್ನು ಒಟ್ಟಿಗಿಟ್ಟು ನೋಡಿದರು. ಮದುವೆಯ ಈ ರೀತಿಯೇ ಸಿರಿ ತಂದಿತೆನ್ನಲು ಆಧಾರ ಸಿಗಲಿಲ್ಲ. ಕುಟುಂಬದ ಸುತ್ತಲಿನ ಕಾನೂನು, ಸಂಘ, ಮಾರುಕಟ್ಟೆಗಳನ್ನು ಬಿಟ್ಟು ಕುಟುಂಬವೊಂದನ್ನೇ ನೋಡಿದರೆ ಪ್ರಯೋಜನವಿಲ್ಲ ಎಂಬುದು ಅವರ ನಿಲುವು.

ಹಾಗೆಂದು 13ರ ಮದುವೆ ಸರಿಯೆಂದು ನಾನು ಹೇಳುತ್ತಿಲ್ಲ. ಅಜ್ಜಿ ಕಳೆದುಕೊಂಡ ಬಾಲ್ಯ ಯಾವ ದೇಶದ ಸಿರಿಯ ಲೆಕ್ಕಕ್ಕೂ ಕಾಯದೆ ಅನ್ಯಾಯವೇ. ಆದರೆ ಅವಳು ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದಳು. ಹಣ ಮಾತ್ರ ಮಾವನ ಕೈಗೆ ಹೋಗುತ್ತಿತ್ತು. 26ಕ್ಕೆ ಮದುವೆಯಾಗಿದ್ದರೂ ಆ ಹಣ ಅವಳದಾಗುತ್ತಿತ್ತೇ? ವ್ಯೂರ್ಟೆಂಬರ್ಗ್‌ನ ನೂಲುವವಳನ್ನು ಕೇಳಿದ್ದರೆ ಅವಳು ಏನೆನ್ನುತ್ತಿದ್ದಳೋ, ಊಹಿಸಬಲ್ಲೆ.