ದಮ್ಮಿನಿಂದ ಗಡಿಯಾರಕ್ಕೆ

ಸವಣೂರು, ಶಿಗ್ಗಾಂವಿ, ಹಾನಗಲ್ಲ ಕಡೆ ಕಬಡ್ಡಿ ಆಡಿ ಬೆಳೆದವರಿಗೆ 'ದಮ್ಮು' ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಗಳ ಅಂಗಳಕ್ಕೆ ನುಗ್ಗಿದವನು 'ಕಬಡ್ಡಿ ಕಬಡ್ಡಿ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಲೇ ಇರಬೇಕು, ಆ ಉಸಿರು ಮುಗಿಯುವುದರೊಳಗೆ ಯಾರನ್ನಾದರೂ ಮುಟ್ಟಿ ನಡುಗೆರೆ ದಾಟಿ ಹಿಂದಕ್ಕೆ ಬರಬೇಕು. ನಡುವೆ ದಮ್ಮು ಕಡಿದರೆ ಅವನು ಔಟು. ಮೈದಾನದಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆಟಗಾರನ ಎದೆಯೊಳಗಿನ ಗಾಳಿಯೇ ಅವನ ಗಡಿಯಾರ.

ಆದರೆ ಆ ಗಡಿಯಾರವನ್ನು ಓದುವವರು ಯಾರು? ನಾಗರಪಂಚಮಿಯ ಹೊತ್ತಿಗೋ ಜಾತ್ರೆ, ಉರುಸಿನ ಹೊತ್ತಿಗೋ ನಡೆಯುವ ಆಟದಲ್ಲಿ ನೂರಾರು ಜನ ಕೂಗುತ್ತಿರುತ್ತಾರೆ. ಹಿಡಿಯಲು ಬಂದ ನಾಲ್ಕು ಮಂದಿಯ ಕೆಳಗೆ ಸಿಕ್ಕವನ ಬಾಯಿಂದ 'ಕಬಡ್ಡಿ' ಹೊರಡುತ್ತಿದೆಯೇ, ಬರೀ ನರಳಾಟವೇ ಎಂದು ಹೇಳುವುದು ಕಷ್ಟ. "ದಮ್ಮು ಕಡಿತು" ಎಂದು ಒಂದು ಕಡೆಯವರು, "ಇಲ್ಲ, ಇನ್ನೂ ಅನ್ನಾಕತ್ತಾನ" ಎಂದು ಇನ್ನೊಂದು ಕಡೆಯವರು. ನಮ್ಮ ಹಳ್ಳಿಗಳ ಕಬಡ್ಡಿ ಜಗಳಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಒಂದು ಉಸಿರಿನಿಂದ. ಪಂಚರಾಗಿ ನಿಂತವರು ಸಾಮಾನ್ಯವಾಗಿ ಊರಿನ ಹಿರಿಯರು, ಇಲ್ಲವೇ ಶಾಲೆಯ ಮೇಷ್ಟ್ರು. ಅವರ ಕಿವಿಗೆ ಏನು ಕೇಳಿಸಿತೋ ಅದೇ ತೀರ್ಪು. ಗೌಡರ ಮನೆಯ ಹುಡುಗನ ದಮ್ಮು ಸ್ವಲ್ಪ ಉದ್ದವಾಗಿ ಕೇಳಿಸುತ್ತಿತ್ತು, ಕೇರಿಯ ಹುಡುಗನದು ಬೇಗ ಕಡಿಯುತ್ತಿತ್ತು ಎಂದು ಹೇಳುವವರು ಇಂದಿಗೂ ಸಿಗುತ್ತಾರೆ.

ಈ ದಮ್ಮು ಎಂಬ ಪದದ ಬಗ್ಗೆ ಒಂದು ಮಾತು. ಇದು ಪಾರಸಿಯ 'ದಮ್'. ಪಾರಸಿಯಲ್ಲಿ ಅದಕ್ಕೆ ಉಸಿರು ಎಂಬ ಅರ್ಥವೂ ಇದೆ, ಕ್ಷಣ ಎಂಬ ಅರ್ಥವೂ ಇದೆ. ಉರ್ದುವಿನ 'ದಮ್ ಭರ್' ಎಂದರೆ ಒಂದು ಗಳಿಗೆ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿನಂಥ ಊರಿನಲ್ಲಿ ಕನ್ನಡ ಮತ್ತು ದಖ್ಖನಿ ಒಂದೇ ಅಂಗಳದಲ್ಲಿ ಬೆಳೆದವು. ಆಟದ ಕಣದಲ್ಲಂತೂ ಯಾವ ಪದ ಯಾರದೆಂದು ವಿಂಗಡಿಸುವವರೇ ಇರಲಿಲ್ಲ. ಕುಸ್ತಿ, ಪೈಲ್ವಾನ, ಉಸ್ತಾದ ಪಾರಸಿಯ ಕಡೆಯಿಂದ ಬಂದವು. ತಾಲೀಮು ಅರಬಿಯ ಪದ, ಅಲ್ಲಿ ಅದಕ್ಕೆ ವಿದ್ಯಾಭ್ಯಾಸ ಎಂದು ಅರ್ಥ. ಗರಡಿ ನಮ್ಮದು. ಗರಡಿಯಲ್ಲಿ ತಾಲೀಮು ಮಾಡುವ ಪೈಲ್ವಾನ ಎಂದರೆ ನಮ್ಮ ಕಡೆಯ ಯಾರಿಗೂ ಅದು ಮೂರು ಭಾಷೆಯ ಮಾತು ಎನಿಸುವುದಿಲ್ಲ.

ಉಸಿರಿನಿಂದ ಹೊತ್ತನ್ನು ಅಳೆಯುವುದು ಹಳ್ಳಿ ಹುಡುಗರ ಉಪಾಯ ಮಾತ್ರವಲ್ಲ. ಭಾರತದ ಹಳೆಯ ಜ್ಯೋತಿಶ್ಶಾಸ್ತ್ರಜ್ಞರು ಕಾಲವನ್ನು ಲೆಕ್ಕ ಹಾಕಿದ್ದೂ ಹೀಗೆಯೇ. ಒಂದು ದಿನಕ್ಕೆ 60 ಘಳಿಗೆ, ಒಂದು ಘಳಿಗೆಗೆ 60 ವಿಘಳಿಗೆ, ಒಂದು ವಿಘಳಿಗೆಗೆ ಆರು ಪ್ರಾಣ. ಪ್ರಾಣ ಎಂದರೆ ಒಂದು ಉಸಿರಾಟ, ಇಂದಿನ ಲೆಕ್ಕದಲ್ಲಿ ನಾಲ್ಕು ಸೆಕೆಂಡು. ಆರ್ಯಭಟನು ವಿಘಳಿಗೆಯನ್ನು ಇನ್ನೊಂದು ರೀತಿಯಲ್ಲೂ ವಿವರಿಸುತ್ತಾನೆ: ಅರವತ್ತು ಗುರು ಅಕ್ಷರಗಳನ್ನು ಉಚ್ಚರಿಸಲು ಹಿಡಿಯುವಷ್ಟು ಹೊತ್ತು. ಬಾಯಲ್ಲಿ ಒಂದೇ ಸಮನೆ ಅಕ್ಷರ ನುಡಿಯುತ್ತ ಕಾಲವನ್ನು ಅಳೆಯುವುದು! ಕಬಡ್ಡಿಯ ದಾಳಿಗಾರನೂ ಅದನ್ನೇ ಮಾಡುತ್ತಾನೆ.

ಇನ್ನು ಕುಸ್ತಿಯ ಕಡೆ ಬರೋಣ. ಅಲ್ಲಿ ಉಸಿರಿನ ಮಿತಿಯೂ ಇರಲಿಲ್ಲ. ಉತ್ತರ ಕರ್ನಾಟಕದ ಮಣ್ಣಿನ ಕಣಗಳಲ್ಲಿ ದೊಡ್ಡ ಜೋಡಿಯನ್ನು 'ನಿಕಾಲಿ' ಎಂದು ಕಟ್ಟುತ್ತಾರೆ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ ಆಟ ಮುಗಿಯುವುದಿಲ್ಲ. ಹಲಗಿ ಬಾರಿಸುತ್ತಲೇ ಇರುತ್ತದೆ, ಜನ ಕೂತೇ ಇರುತ್ತಾರೆ. ವಿದ್ಯುತ್ ದೀಪ ಬರುವ ಮುಂಚೆ ಇದ್ದ ಒಂದೇ ಗಡಿಯಾರವೆಂದರೆ ಸೂರ್ಯ. ಕತ್ತಲಾಗುವವರೆಗೂ ಯಾರೂ ಬೀಳದಿದ್ದರೆ ಹಿರಿಯರು ಕಣಕ್ಕಿಳಿದು ಬಿಡಿಸಿ 'ಬರಾಬರಿ' ಎನ್ನುತ್ತಿದ್ದರು. ಬರಾಬರಿ ಎಂದರೆ ಸಮ. ಅದನ್ನು ಕೇಳಲು ಪೈಲ್ವಾನರಿಗೂ ಇಷ್ಟವಿಲ್ಲ, ರೊಟ್ಟಿ ಕಟ್ಟಿಕೊಂಡು ದೂರದಿಂದ ನಡೆದು ಬಂದವರಿಗೂ ಇಷ್ಟವಿಲ್ಲ.

ಕಾಲಮಿತಿ ಇಲ್ಲದ ಕುಸ್ತಿಯೇ ನಿಜವಾದ ಕುಸ್ತಿ ಎಂದು ನಂಬುವವರು ಬಹಳ. ಅದರಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವರು ಗಾಮಾ ಪೈಲ್ವಾನರ ಲಂಡನ್ ಕುಸ್ತಿಯನ್ನು ನೆನಪಿಸಿಕೊಳ್ಳಬೇಕು. 1910ರ ಸೆಪ್ಟೆಂಬರ್ 10ರಂದು ಗಾಮಾ ಅವರು ಪೋಲೆಂಡಿನ ಸ್ಟಾನಿಸ್ಲಾಸ್ ಝಬಿಸ್ಕೊ ಜೊತೆ ಸೆಣಸಿದರು. ತನಗಿಂತ ಗಾಮಾ ಬಲಶಾಲಿ ಎಂಬುದು ಮೊದಲ ಕೆಲವು ನಿಮಿಷಗಳಲ್ಲೇ ಝಬಿಸ್ಕೊಗೆ ತಿಳಿಯಿತು. ಅವನು ಬೋರಲಾಗಿ ನೆಲಕ್ಕೆ ಅಂಟಿಕೊಂಡ. ಏಳಲೂ ಇಲ್ಲ, ಹೊರಳಲೂ ಇಲ್ಲ. ಎರಡೂವರೆ ಗಂಟೆಗೂ ಮೀರಿ ಹೀಗೇ ನಡೆದ ಕುಸ್ತಿಯನ್ನು ಕೊನೆಗೆ ಸಮ ಎಂದು ನಿಲ್ಲಿಸಬೇಕಾಯಿತು. ಒಂದು ವಾರದ ನಂತರ ಮತ್ತೆ ಕುಸ್ತಿ ಎಂದು ಗೊತ್ತಾಗಿತ್ತು, ಝಬಿಸ್ಕೊ ಬರಲೇ ಇಲ್ಲ, ಪಟ್ಟ ಗಾಮಾ ಅವರಿಗೆ ಸಂದಿತು. ಹದಿನೇಳು ವರ್ಷ ದಾಟಿ, 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಗಾಮಾ ಅವರಿಗೆ ಆಗ ಒಂದು ನಿಮಿಷವೂ ಬೇಕಾಗಲಿಲ್ಲ.

ಲಂಡನ್ನಿನಲ್ಲಿ ಆದದ್ದೇನು? ಕಾಲಕ್ಕೆ ಮಿತಿ ಇಲ್ಲದಿರುವುದು ಗೆಲ್ಲಲು ಬಂದವನಿಗಲ್ಲ, ಸೋಲದಿರಲು ಬಂದವನಿಗೆ ಆಸರೆಯಾಯಿತು. ಎರಡು ವರ್ಷಗಳ ನಂತರ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಇದು ಇನ್ನೂ ವಿಚಿತ್ರ ರೂಪ ತಾಳಿತು. ಗ್ರೀಕೋ-ರೋಮನ್ ಕುಸ್ತಿಯ ಸೆಮಿಫೈನಲ್ಲಿನಲ್ಲಿ ರಷ್ಯಾದ ಪರ ಆಡಿದ ಎಸ್ಟೋನಿಯಾದ ಮಾರ್ಟಿನ್ ಕ್ಲೈನ್ ಮತ್ತು ಫಿನ್ಲೆಂಡಿನ ಆಲ್ಫ್ರೆಡ್ ಅಸಿಕೈನೆನ್ ಬಿಸಿಲಿನಲ್ಲಿ 11 ಗಂಟೆ 40 ನಿಮಿಷ ಸೆಣಸಿದರು. ಕ್ಲೈನ್ ಗೆದ್ದ. ಆದರೆ ಫೈನಲ್ ಆಡುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಕಾದಾಡದೆಯೇ ಸ್ವೀಡನ್ನಿನ ಪೈಲ್ವಾನನಿಗೆ ಚಿನ್ನ ಹೋಯಿತು. ಅದೇ ಕೂಟದಲ್ಲಿ ಇನ್ನೊಂದು ತೂಕದ ಫೈನಲ್ ಒಂಬತ್ತು ಗಂಟೆ ನಡೆದೂ ಫಲಿತಾಂಶ ಬಾರದೆ ಇಬ್ಬರಿಗೂ ಬೆಳ್ಳಿ ಕೊಟ್ಟು ಕಳಿಸಿದರು. ಆ ವಿಭಾಗದಲ್ಲಿ ಚಿನ್ನ ಯಾರಿಗೂ ಸಿಗಲಿಲ್ಲ.

ಕುಸ್ತಿಗೆ ಗಡಿಯಾರ ಕಟ್ಟಿದ್ದು ಇಂಥ ಅನುಭವಗಳ ಫಲ. ಆದರೆ ಗಡಿಯಾರ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ, ಹೊಸ ಚಾಳಿಯೊಂದು ಹುಟ್ಟಿತು. ಆಟಕ್ಕೆ ಇಂತಿಷ್ಟೇ ಹೊತ್ತು ಎಂದು ಗೊತ್ತಾದರೆ ಮುಂದಿರುವವನು ಮಾಡುವ ಮೊದಲ ಕೆಲಸ ಹೊತ್ತು ಕಳೆಯುವುದು. 1950ರ ನವೆಂಬರಿನಲ್ಲಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲಿನ ಒಂದು ಪಂದ್ಯ 19-18ಕ್ಕೆ ಮುಗಿಯಿತು. ಒಂದು ತಂಡ ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ನಿಂತುಬಿಟ್ಟಿತ್ತು. ನೋಡುವವರು ರೋಸಿಹೋದರು. 1954ರಲ್ಲಿ ಅಲ್ಲಿ 24 ಸೆಕೆಂಡಿನ ನಿಯಮ ಬಂತು, ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕು. ಆ ಸಂಖ್ಯೆ ಬಂದದ್ದು ಸರಳ ಭಾಗಾಕಾರದಿಂದ: 48 ನಿಮಿಷದ ಆಟಕ್ಕೆ 2880 ಸೆಕೆಂಡು, ಒಳ್ಳೆಯ ಪಂದ್ಯವೊಂದರಲ್ಲಿ ಸುಮಾರು 120 ಎಸೆತ. 24 ಸೆಕೆಂಡು ಎಂದರೆ ಸರಿಯಾಗಿ ಒಂದು ವಿಘಳಿಗೆ. ಅವರಿಗೆ ಅದು ಗೊತ್ತಿರಲಿಲ್ಲ, ಬಿಡಿ.

ಫುಟ್ಬಾಲಿನಲ್ಲಿ ಗೋಲ್‌ಕೀಪರ್ ಚೆಂಡನ್ನು ಆರು ಸೆಕೆಂಡಿಗಿಂತ ಹೆಚ್ಚು ಹಿಡಿದುಕೊಳ್ಳಬಾರದು ಎಂದು ನಿಯಮವಿದ್ದರೂ ರೆಫರಿಗಳು ಕಂಡೂ ಕಾಣದಂತಿದ್ದರು. 2025ರಲ್ಲಿ ಅದನ್ನು ಎಂಟು ಸೆಕೆಂಡು ಮಾಡಿ, ಕೊನೆಯ ಐದನ್ನು ರೆಫರಿ ಕೈಯೆತ್ತಿ ಎಲ್ಲರಿಗೂ ಕಾಣುವಂತೆ ಎಣಿಸಬೇಕು ಎಂದು ಬದಲಿಸಿದರು. ಐರ್ಲೆಂಡಿನ ಗೇಲಿಕ್ ಫುಟ್ಬಾಲಿನಲ್ಲಿ ಫ್ರೀಕಿಕ್ ಹೊಡೆಯುವವನು ಎಷ್ಟು ಹೊತ್ತು ನಿಲ್ಲಬಹುದು ಎಂಬ ತಕರಾರೂ ಇದೇ ಜಾತಿಯದು. ಎಲ್ಲರಿಗೂ ಕಾಣುವಂತೆ ಎಣಿಸದ ನಿಯಮ ರೆಫರಿಯ ಮರ್ಜಿಯಾಗಿಬಿಡುತ್ತದೆ.

ಕಬಡ್ಡಿಗೆ ಇದು ತಡವಾಗಿ ತಟ್ಟಿತು. ಹುತೂತು, ಚಡುಗುಡು, ಹಡುಡು ಎಂದು ಒಂದೊಂದು ಸೀಮೆಗೆ ಒಂದೊಂದು ಹೆಸರಿದ್ದ ಆಟಕ್ಕೆ ಲಿಖಿತ ನಿಯಮಗಳು ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಪುಣೆ ಮತ್ತು ಬರೋಡಾದ ವ್ಯಾಯಾಮ ಸಂಸ್ಥೆಗಳಿಂದ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ತಂಡವೊಂದು ಅದನ್ನು ಆಡಿ ತೋರಿಸಿತು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿತು. ಇಡೀ ಪಂದ್ಯಕ್ಕೆ ಇಪ್ಪತ್ತು ನಿಮಿಷದ ಎರಡು ಭಾಗಗಳೆಂದು ಗಡಿಯಾರ ಬಂತು, ಆದರೆ ದಾಳಿ ಮಾತ್ರ ದಮ್ಮಿನ ವಶದಲ್ಲೇ ಉಳಿಯಿತು. ಹೀಗಾಗಿ ಮುಂದಿರುವ ತಂಡದ ಒಳ್ಳೆಯ ದಮ್ಮಿನವನು ನಡುಗೆರೆಯ ಆಚೆ ಸುಮ್ಮನೆ ಅತ್ತಿತ್ತ ಸುಳಿದಾಡಿ, ಯಾರನ್ನೂ ಮುಟ್ಟದೆ ಹಿಂದಿರುಗಿ, ಹೊತ್ತು ತಿನ್ನಬಹುದಾಗಿತ್ತು. ಕಳ್ಳ ಉಸಿರು ಎಳೆದುಕೊಳ್ಳುವ ಜಾಣರೂ ಇದ್ದರು.

2014ರ ಜುಲೈ 26ರಂದು ಪ್ರೊ ಕಬಡ್ಡಿ ಶುರುವಾದಾಗ ಪ್ರತಿ ದಾಳಿಗೆ 30 ಸೆಕೆಂಡಿನ ಮಿತಿ ಬಂತು, ಸೆಕೆಂಡುಗಳು ಪರದೆಯ ಮೇಲೆ ಇಳಿಯುತ್ತ ಬರುವುದನ್ನು ಜನ ಮೊದಲ ಬಾರಿಗೆ ಕಂಡರು. ಎರಡು ದಾಳಿ ಬರಿಗೈಯಲ್ಲಿ ಮುಗಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲದಿದ್ದರೆ ದಾಳಿಗಾರ ಔಟು ಎಂಬ ನಿಯಮವೂ ಸೇರಿತು. ಇದೆಲ್ಲ ಟಿವಿಗಾಗಿ ಮಾಡಿದ್ದು ಎಂದು ಹಳಬರು ಮೂಗು ಮುರಿದರು. ಅವರ ಮಾತು ಸುಳ್ಳಲ್ಲ. ಸಾವಿರಾರು ಜನ ಕಿರುಚುವ, ಹಾಡು ಮೊಳಗುವ ಒಳಾಂಗಣದಲ್ಲಿ ಯಾವ ರೆಫರಿಗೂ ದಮ್ಮು ಕೇಳಿಸಲಾರದು. ಕಿವಿಯಿಂದ ತೀರ್ಮಾನಿಸಬೇಕಾದ್ದನ್ನು ಕಣ್ಣಿಗೆ ಒಪ್ಪಿಸದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ನನಗಂತೂ ಈ ಬದಲಾವಣೆಯಲ್ಲಿ ಟಿವಿಯವರು ಎಣಿಸದ ಲಾಭವೊಂದು ಕಾಣುತ್ತದೆ. ಮೂವತ್ತು ಸೆಕೆಂಡು ಗೌಡರ ಹುಡುಗನಿಗೂ ಮೂವತ್ತೇ, ಕೇರಿಯ ಹುಡುಗನಿಗೂ ಮೂವತ್ತೇ. ಕರ್ನಾಟಕದ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಅವರು 2011 ಮತ್ತು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಆಟವನ್ನು ಇಂಥ ಎತ್ತರಕ್ಕೆ ಒಯ್ಯುವ ಹೆಣ್ಣುಮಕ್ಕಳಿಗೂ ತೀರ್ಪು ಪಂಚರ ಕಿವಿಗಿಂತ ಎಲ್ಲರಿಗೂ ಕಾಣುವ ಅಂಕಿಯಲ್ಲಿ ಇರುವುದು ಒಳಿತು.

ಕಳೆದುಕೊಂಡದ್ದೂ ಇದೆ. ನಿಯಮದ ಪುಸ್ತಕದಲ್ಲಿ 'ಕಬಡ್ಡಿ' ಎನ್ನಬೇಕೆಂಬುದು ಇಂದಿಗೂ ಇದೆ, ಆದರೆ ಮ್ಯಾಟಿನ ಮೇಲೆ ಅದು ಮೊದಲಿನ ಪ್ರಾಣಪ್ರಶ್ನೆಯಾಗಿ ಉಳಿದಿಲ್ಲ. ಬೆಳಗಿನ ಜಾವ ಕೆರೆಯಲ್ಲಿ ಮುಳುಗಿ ಉಸಿರು ಕಟ್ಟುವುದನ್ನು ರೂಢಿಸಿಕೊಂಡು ಬಂದವನಿಗೂ ಆ ಗೋಜಿಗೇ ಹೋಗದವನಿಗೂ ಈಗ ಹೆಚ್ಚು ಅಂತರವಿಲ್ಲ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನಿನ ಗಂಡಸರೂ ಹೆಂಗಸರೂ ಭಾರತವನ್ನು ಸೋಲಿಸಿ ಎರಡೂ ಚಿನ್ನ ಗೆದ್ದರು. ಪಾರಸಿ ಮನೆಮಾತಿನ ಆ ಆಟಗಾರರು ನಮ್ಮ 'ಕಬಡ್ಡಿ' ಎಂಬ ಪದವನ್ನು ನುಡಿಯುತ್ತ ಬಂದರು, ನಮ್ಮ ಹಳ್ಳಿಯ ಹುಡುಗರು ಅವರ 'ದಮ್' ಎಂಬ ಪದವನ್ನು ಹಿಡಿದುಕೊಂಡು ಇಂದಿಗೂ ಜಗಳವಾಡುತ್ತಾರೆ. ಜಾತ್ರೆಯ ಆಟದಲ್ಲಿ ಈಗ ಪಂಚರ ಕೈಯಲ್ಲಿ ಮೊಬೈಲು ಇರುತ್ತದೆ, ಅದರಲ್ಲಿ ಮೂವತ್ತು ಸೆಕೆಂಡು ಎಣಿಸುತ್ತಾರೆ. ಇಪ್ಪತ್ತೆಂಟಕ್ಕೋ ಇಪ್ಪತ್ತೊಂಬತ್ತಕ್ಕೋ ಗುಂಪಿನಿಂದ ಯಾರೋ ಕೂಗುತ್ತಾರೆ, "ಟೈಮು ಇರಲಿ ಬಿಡ್ರೀ, ದಮ್ಮು ಎಂದೋ ಕಡದೈತಿ!"