ಮೊದಲು ಯಾವುದು, ಆಮೇಲೆ ಯಾವುದು? ಸರ್ವರ್ ಸುಳ್ಳು ಹೇಳಿದರೆ ಗೊತ್ತಾಗೋದು ಹೇಗೆ?

ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಬರೀತಾರೆ: "ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ." ಸ್ವಲ್ಪ ಹೊತ್ತಿಗೆ: "ಡಾಕ್ಟ್ರು ನೋಡಿದ್ರು, ಏನೂ ಆಗಿಲ್ಲ." ಅದಕ್ಕೆ ಅತ್ತೆ: "ಅಬ್ಬ, ಈಗ ಸಮಾಧಾನ ಆಯ್ತು!" ಡಲ್ಲಾಸ್‌ನಲ್ಲಿರೋ ಮೊಮ್ಮಗಳಿಗೆ ಮಧ್ಯದ ಸಾಲು ತಲುಪದಿದ್ದರೆ? ಅಜ್ಜಿ ಬಿದ್ದಿದ್ದಕ್ಕೇ ಅತ್ತೆಗೆ ಸಮಾಧಾನ ಆದ ಹಾಗೆ ಕಾಣುತ್ತೆ.

ಹೀಗಾಗಬಾರದು, ಕಾರಣ ಕಂಡ ಮೇಲೆಯೇ ಪರಿಣಾಮ ಕಾಣಬೇಕು. ಈ ನಿಯಮಕ್ಕೆ ಕಂಪ್ಯೂಟರ್ ಲೋಕದಲ್ಲಿ ಕಾಸಲ್ ಕನ್ಸಿಸ್ಟೆನ್ಸಿ ಅಂತಾರೆ. ನಾವು ಕಾರ್ಯ-ಕಾರಣ ಕ್ರಮ ಅನ್ನೋಣ.

ಇದರ ಬೇರು ಲೆಸ್ಲಿ ಲ್ಯಾಂಪೋರ್ಟ್ ಅವರ 1978ರ ಪ್ರಬಂಧದಲ್ಲಿದೆ. ದೂರದೂರದ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ತಾಳೆಯಾಗೋದಿಲ್ಲ. ಆದರೆ ಸಂದೇಶ ತಲುಪುವ ಮೊದಲು ಅದನ್ನು ಯಾರೋ ಕಳಿಸಿರಲೇಬೇಕಲ್ಲ! ಅಷ್ಟನ್ನೇ ಹಿಡಿದು ಅವರು ಘಟನೆಗಳಿಗೆ ಕ್ರಮಸಂಖ್ಯೆ ಕೊಟ್ಟರು. 1988ರ ಹೊತ್ತಿಗೆ ಆಸ್ಟ್ರೇಲಿಯಾದ ಕಾಲಿನ್ ಫಿಜ್, ಜರ್ಮನಿಯ ಫ್ರೀಡೆಮನ್ ಮ್ಯಾಟರ್ನ್ ಬೇರೆಬೇರೆಯಾಗಿ ವೆಕ್ಟರ್ ಗಡಿಯಾರ ರೂಪಿಸಿದರು: ಯಾರಿಂದ ಎಷ್ಟು ಸುದ್ದಿ ನೋಡಿದ್ದೇನೆ ಅಂತ ಪ್ರತಿ ಯಂತ್ರವೂ ಲೆಕ್ಕ ಇಡುತ್ತೆ. ಆದರೆ ಈ ಲೆಕ್ಕವನ್ನು ಯಾರೂ ತಿದ್ದೋದಿಲ್ಲ ಅಂತ ನಂಬಿಕೊಂಡಿದ್ದರು.

ಸುಳ್ಳಿನ ಪ್ರಶ್ನೆ ಎದ್ದಿದ್ದು ಇನ್ನೊಂದು ಕಡೆ. ವಿಮಾನ ನಿಯಂತ್ರಿಸುವ ಕಂಪ್ಯೂಟರಿಗಾಗಿ ನಾಸಾ ಹಣದಿಂದ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಕೆಲಸ ನಡೀತಿತ್ತು. ಅಲ್ಲಿದ್ದ ಪೀಸ್, ಶೋಸ್ಟಾಕ್, ಲ್ಯಾಂಪೋರ್ಟ್ 1980ರಲ್ಲಿ ತೋರಿಸಿದ್ದು ಇದು: ಸಹಿಯಿಲ್ಲದ ಬರೀ ಮಾತಿನಲ್ಲಿ ಒಬ್ಬ ಸುಳ್ಳನನ್ನು ತಡೆಯೋಕೆ ಒಟ್ಟು 4 ಯಂತ್ರ ಬೇಕು, 3 ಸಾಲದು. 1982ರಲ್ಲಿ ಇದೇ ವಿಷಯ ಬೈಜಾಂಟೈನ್ ಸೇನಾಪತಿಗಳ ಕಥೆಯಾಗಿ ಪ್ರಸಿದ್ಧವಾಯಿತು. 1999ರಲ್ಲಿ ಎಂಐಟಿಯ ಕಾಸ್ಟ್ರೊ, ಲಿಸ್ಕೋವ್ ಈ ಉಪಾಯವನ್ನು ಬಳಕೆಗೆ ಬರೋಷ್ಟು ವೇಗ ಮಾಡಿದರು. ಆದರೂ ಪ್ರತಿ ಹೆಜ್ಜೆಗೂ ಬಹುಮತ ಬೇಕು. ನೆಟ್‌ವರ್ಕ್ ತುಂಡಾದರೆ ಕಾಯಬೇಕು.

ಸುಳ್ಳಿಗೆ ಕಳ್ಳನೇ ಬೇಕು ಅಂತೇನಿಲ್ಲ. 2008ರ ಜುಲೈ 20ರಂದು ಅಮೆಜಾನ್‌ನ ಎಸ್3 ಸೇವೆ ಗಂಟೆಗಟ್ಟಲೆ ನಿಂತುಹೋಯಿತು. ಸರ್ವರ್‌ಗಳು ತಮ್ಮೊಳಗೆ ಹಂಚಿಕೊಳ್ಳೋ ಕೆಲವು ಸಂದೇಶಗಳಲ್ಲಿ ಒಂದೇ ಒಂದು ಬಿಟ್ ಕೆಟ್ಟಿತ್ತು, ಅಷ್ಟೇ. ಊರಿನ ಗಾಳಿಮಾತಿನ ಹಾಗೆ ಅದು ಸರ್ವರ್‌ನಿಂದ ಸರ್ವರ್‌ಗೆ ಹರಡಿತು.

ಈ ಎರಡೂ ಹೊಳೆಗಳನ್ನು ಕೂಡಿಸಿದ ಕೆಲಸಗಳಲ್ಲಿ ಮುಖ್ಯವಾದದ್ದು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಪ್ರಕಟಿಸಿದ ಡಿಪೋ. ಇಲ್ಲಿ ಬರೆದವರು ಪ್ರತಿ ಬರಹಕ್ಕೂ ಡಿಜಿಟಲ್ ಸಹಿ ಹಾಕಿ, ತಾವು ಅಲ್ಲಿವರೆಗೆ ನೋಡಿದ ಇತಿಹಾಸದ ಹ್ಯಾಶ್, ಅಂದ್ರೆ ಬೆರಳಚ್ಚು, ಸೇರಿಸುತ್ತಾರೆ. ಸರ್ವರ್ ಅಕ್ಷರ ತಿದ್ದಿದರೆ ಸಹಿ ಒಪ್ಪೋದಿಲ್ಲ. ಮಧ್ಯದ ಸಾಲು ನುಂಗಿದರೆ ಮುಂದಿನ ಸಾಲನ್ನು ಓದುಗರ ಯಂತ್ರವೇ ತಡೆಹಿಡಿಯುತ್ತೆ: "ಇದಕ್ಕೆ ಮೊದಲಿನದ್ದು ಎಲ್ಲಿ?" ಕ್ರಮ ಕಾಯೋ ಕೆಲಸ ಸರ್ವರ್‌ನ ಕೈಯಿಂದ ನಮ್ಮ ಕೈಗೆ ಬಂತು.

ಒಂದು ಮೋಸ ಮಾತ್ರ ಉಳಿಯುತ್ತೆ. ಕೆಟ್ಟ ಸರ್ವರ್ ಕೆಲವರ ಬರಹಗಳನ್ನು ನಿಮಗೆ ತೋರಿಸದೆ, ನಿಮ್ಮದನ್ನು ಅವರಿಗೆ ತೋರಿಸದೆ ಇಬ್ಬರನ್ನೂ ಎರಡು ಬೇರೆ ಕಥೆಗಳಲ್ಲಿ ಕೂರಿಸಬಹುದು. ಗಣಿತ ಇದನ್ನು ಮೊದಲೇ ತಡೆಯಲಾರದು. ಆದರೆ ಆ ಇಬ್ಬರು ಒಮ್ಮೆ ಬೇರೆ ದಾರಿಯಲ್ಲಿ ತಮ್ಮ ಇತಿಹಾಸ ಹೋಲಿಸಿ ನೋಡಿದರೆ ಸಾಕು, ಬಣ್ಣ ಬಯಲು. ಹಾಗಾಗಿ ಎಷ್ಟೇ ಗಟ್ಟಿ ವ್ಯವಸ್ಥೆ ಕಟ್ಟಿದರೂ, ಮಧ್ಯವರ್ತಿಯನ್ನು ದಾಟಿ ನೇರವಾಗಿ ಮಾತಾಡೋ ಒಂದು ದಾರಿ ತೆರೆದಿರಲೇಬೇಕು.